ಕಬಡ್ಡಿ ಆಟಗಾರರ ಬಲವರ್ಧನೆ: ಹದಿನಾರು ವಾರಗಳ ತರಬೇತಿಯನ್ನು ರೂಪಿಸುವ ಬಗೆ

ಮಳೆ ಹಿಂದೆ ಸರಿದು ಗದ್ದೆಯ ಕೊಯ್ಲು ಮುಗಿಯುತ್ತಿದ್ದಂತೆ ಕರಾವಳಿ ಮತ್ತು ಮಲೆನಾಡಿನ ಊರೂರುಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯ ಫ್ಲೆಕ್ಸ್‌ಗಳು ಏಳುತ್ತವೆ. ಆ ಫ್ಲೆಕ್ಸ್ ಕಣ್ಣಿಗೆ ಬಿದ್ದ ಮೇಲೆಯೇ ಜಿಮ್‌ ಸೇರುವ ತಂಡಗಳು ಇಂದಿಗೂ ಬಹಳ ಇವೆ. ಮೂರು ವಾರ ಎದೆ ಮತ್ತು ತೋಳಿಗೆ ಭಾರ ಎತ್ತಿ, ನಾಲ್ಕನೇ ವಾರ ಅಂಕಣಕ್ಕಿಳಿದು, ಎರಡನೇ ಪಂದ್ಯದ ಹೊತ್ತಿಗೆ ತೊಡೆಸಂದು ಹಿಡಿದುಕೊಂಡು ಹೊರಗೆ ಕೂರುವ ಹುಡುಗರನ್ನು ನಾನು ಪ್ರತಿ ವರ್ಷವೂ ಕಾಣುತ್ತೇನೆ. ಅವರಲ್ಲಿ ಶ್ರದ್ಧೆಗೆ ಕೊರತೆಯಿಲ್ಲ. ಕೊರತೆ ಇರುವುದು ಯೋಜನೆಯಲ್ಲಿ.

ಕಾಲೇಜು ತಂಡ, ಯುವಕ ಮಂಡಲ ಅಥವಾ ತಾಲ್ಲೂಕು ಮಟ್ಟದ ಕ್ಲಬ್ಬಿನ ಹೊಣೆ ಹೊತ್ತ ತರಬೇತುದಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಬಲವರ್ಧನೆಯ ಯೋಜನೆಯನ್ನು ವ್ಯಾಯಾಮಗಳ ಪಟ್ಟಿಯಿಂದ ಆರಂಭಿಸಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಅದು ಆಟದ ಚಲನೆಗಳಿಂದ ಮತ್ತು ಮೊದಲ ಪಂದ್ಯದ ದಿನಾಂಕದಿಂದ ಆರಂಭವಾಗಬೇಕು. ಎಷ್ಟು ಭಾರ, ಎಷ್ಟು ಸೆಟ್ (ನಡುವೆ ನಿಲ್ಲಿಸದೆ ಒಂದೇ ಸರದಿಯಲ್ಲಿ ಮಾಡುವ ಎತ್ತುವಿಕೆಗಳ ಗುಂಪು) ಎಂಬುದನ್ನು ಆಟಗಾರನ ಉತ್ಸಾಹವನ್ನು ನೋಡಿ ನಿರ್ಧರಿಸದೆ, ಮರುದಿನಕ್ಕೆ ಅವನ ದೇಹ ಎಷ್ಟರಮಟ್ಟಿಗೆ ಚೇತರಿಸಿಕೊಳ್ಳುತ್ತದೆ ಎಂಬುದನ್ನು ನೋಡಿ ನಿರ್ಧರಿಸಬೇಕು.

ಮೊದಲ ಹೆಜ್ಜೆ: ಆಟವನ್ನು ಬಿಡಿಸಿ ನೋಡುವುದು

ಪುರುಷರ ಕಬಡ್ಡಿ ಅಂಕಣದ ಉದ್ದ 13 ಮೀಟರ್, ಅಗಲ 10 ಮೀಟರ್. ಅಂದರೆ ದಾಳಿಗೆ ಹೋಗುವ ರೈಡರ್‌ಗೆ ಎದುರಾಳಿಯ ಕಡೆ ಸಿಗುವುದು ಆರೂವರೆ ಮೀಟರ್ ಆಳದ ಜಾಗ ಮಾತ್ರ. ರೈಡರ್ ದಾಟಲೇಬೇಕಾದ ಗೆರೆ, ಅಂದರೆ ಬಾಲ್ಕ್ ಲೈನ್, ಮಧ್ಯಗೆರೆಯಿಂದ 3.75 ಮೀಟರ್ ದೂರದಲ್ಲಿದೆ, ಅಲ್ಲಿಂದ ಒಂದು ಮೀಟರ್ ಆಚೆಗೆ ಬೋನಸ್ ಗೆರೆ. ಒಂದು ರೈಡ್‌ಗೆ 30 ಸೆಕೆಂಡು. ಇಪ್ಪತ್ತು ನಿಮಿಷಗಳ ಎರಡು ಅವಧಿ, ನಡುವೆ ಐದು ನಿಮಿಷ ವಿರಾಮ. ಈ ಅಂಕಿಗಳನ್ನು ಎಲ್ಲರೂ ಬಲ್ಲರು. ಆದರೆ ತರಬೇತಿಯನ್ನು ಯೋಜಿಸುವಾಗ ಇವುಗಳ ಅರ್ಥವನ್ನು ಮರೆಯುತ್ತೇವೆ. ಕಬಡ್ಡಿ ಆಟಗಾರ ಒಂದೇ ದಿಕ್ಕಿನಲ್ಲಿ ಇಪ್ಪತ್ತು ಮೀಟರ್ ಓಡುವ ಸಂದರ್ಭವೇ ಬರುವುದಿಲ್ಲ. ಅವನ ಆಟವೆಲ್ಲ ಮೂರು ನಾಲ್ಕು ಹೆಜ್ಜೆಗಳಲ್ಲಿ ಚಿಮ್ಮುವುದು, ತಕ್ಷಣ ನಿಲ್ಲುವುದು, ಪಕ್ಕಕ್ಕೆ ತಿರುಗುವುದು, ಕಾಲು ಹಿಡಿದವನನ್ನು ಎಳೆದುಕೊಂಡೇ ಮಧ್ಯಗೆರೆಯತ್ತ ಕೈ ಚಾಚುವುದು. ಹಾಗಿರುವಾಗ ಬೆಳಗ್ಗೆ ಐದು ಕಿಲೋಮೀಟರ್ ಓಟವನ್ನೇ ತಂಡದ ಮುಖ್ಯ ಕಸರತ್ತಾಗಿ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ.

ಡಿಫೆಂಡರ್‌ನ ಅಗತ್ಯಗಳು ಬೇರೆ. ಕಾರ್ನರ್‌ನಲ್ಲಿ, ಅಂದರೆ ಮೂಲೆಯಲ್ಲಿ, ನಿಂತವನು ಸೊಂಟ ತಗ್ಗಿಸಿ, ಒಂದು ಕಾಲನ್ನು ಮುಂದಿಟ್ಟು ಕಾಯುತ್ತಾನೆ. ರೈಡರ್‌ನ ಹಿಮ್ಮಡಿ ತನ್ನ ಕಡೆ ಬಂದ ಕ್ಷಣದಲ್ಲಿ ಮುಂದಕ್ಕೆ ಬಿದ್ದು ಪಾದದ ಗಿಣ್ಣನ್ನು ಎರಡೂ ಕೈಯಿಂದ ಹಿಡಿಯುತ್ತಾನೆ. ಆಗ ಬೆರಳು, ಮುಂಗೈ ಮತ್ತು ಭುಜದ ಮೇಲೆ ಇನ್ನೊಬ್ಬನ ಇಡೀ ದೇಹದ ಸೆಳೆತ ಬೀಳುತ್ತದೆ. ಕಾರ್ನರ್‌ನ ಒಳಬದಿಯ ಕವರ್‌ನಲ್ಲಿ ನಿಂತವನು ಡ್ಯಾಶ್ ಮಾಡುವಾಗ, ಅಂದರೆ ರೈಡರ್‌ಗೆ ಮೈಯಿಂದ ಡಿಕ್ಕಿ ಹೊಡೆದು ಹೊರತಳ್ಳುವಾಗ, ಭುಜ ಮತ್ತು ಕುತ್ತಿಗೆ ಪೆಟ್ಟು ತಿನ್ನುತ್ತವೆ. ಕೈಗೆ ಕೈ ಬೆಸೆದು ಸರಪಳಿ ಹಾಕಿದಾಗ ಒಬ್ಬ ಮುಂದೆ ಹೋಗಿ ಇನ್ನೊಬ್ಬ ಹಿಂದೆ ಉಳಿದರೆ ನಡುವಿನ ಭುಜ ಜಗ್ಗುತ್ತದೆ.

ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಆಟಗಾರನ ಹೆಸರಿನ ಮುಂದೆ ಮೂರು ಸಂಗತಿಗಳನ್ನು ಬರೆಯಿರಿ: ಅವನು ಆಟದಲ್ಲಿ ಹೆಚ್ಚಾಗಿ ಮಾಡುವ ಚಲನೆ, ಅದಕ್ಕೆ ಬೇಕಾದ ಸ್ನಾಯುಗಳು, ಹಿಂದೆ ಆದ ಗಾಯಗಳು. ಈ ಮೂರನೆಯದನ್ನು ಆಟಗಾರರು ತಾವಾಗಿ ಹೇಳುವುದಿಲ್ಲ. ತಂಡದಿಂದ ಕೈಬಿಟ್ಟಾರೆಂಬ ಅಂಜಿಕೆ ಇರುತ್ತದೆ. ಒಬ್ಬೊಬ್ಬರನ್ನೇ ಕರೆದು ಕೂರಿಸಿಕೊಂಡು ಕೇಳಬೇಕು. ಹಿಂದೆ ಒಮ್ಮೆ ಗಾಯವಾದ ಜಾಗವೇ ಮತ್ತೆ ಗಾಯಗೊಳ್ಳುವ ಸಂಭವ ಹೆಚ್ಚು. ಆದ್ದರಿಂದ ಉಳಿದ ಎಲ್ಲ ಮಾಹಿತಿಗಿಂತ ಇದು ಮುಖ್ಯ.

ಎರಡನೇ ಹೆಜ್ಜೆ: ದಿನಾಂಕದಿಂದ ಹಿಂದಕ್ಕೆ ಎಣಿಸುವುದು

ನಿಮ್ಮ ತಂಡದ ಮೊದಲ ಮುಖ್ಯ ಪಂದ್ಯಾವಳಿ ಡಿಸೆಂಬರ್ ಮೊದಲ ವಾರದಲ್ಲಿದೆ ಎಂದಿಟ್ಟುಕೊಳ್ಳೋಣ. ಅಲ್ಲಿಂದ ಹದಿನಾರು ವಾರ ಹಿಂದಕ್ಕೆ ಎಣಿಸಿದರೆ ಆಗಸ್ಟ್ ನಡುಭಾಗಕ್ಕೆ ಬಂದು ನಿಲ್ಲುತ್ತೇವೆ. ಮಳೆಯಿಂದ ಮಣ್ಣಿನ ಅಂಕಣ ಕೆಸರಾಗಿರುವ ಆ ದಿನಗಳೇ ಭಾರ ಎತ್ತಲು ತಕ್ಕ ಕಾಲ. ಹದಿನಾರು ವಾರಗಳನ್ನು ನಾನು ಹೀಗೆ ಹಂಚುತ್ತೇನೆ: ಅಳತೆಗೆ ಒಂದು ವಾರ, ಅಡಿಪಾಯಕ್ಕೆ ನಾಲ್ಕು, ಬಲಕ್ಕೆ ಆರು, ಬಲವನ್ನು ವೇಗಕ್ಕೆ ತಿರುಗಿಸಲು ನಾಲ್ಕು, ಪಂದ್ಯಾವಳಿಗೆ ಮುನ್ನ ಸೆಟ್‌ಗಳನ್ನು ಇಳಿಸಲು ಕೊನೆಯ ಒಂದು ವಾರ. ನಿಮ್ಮ ಬಳಿ ಹತ್ತು ವಾರಗಳೇ ಇದ್ದರೆ ಬಲದ ಹಂತವನ್ನು ಮೂರಕ್ಕೆ, ವೇಗದ ಹಂತವನ್ನು ಎರಡಕ್ಕೆ ಮತ್ತು ಅಡಿಪಾಯವನ್ನು ಮೂರಕ್ಕೆ ಇಳಿಸಬಹುದು. ಅಳತೆಯ ವಾರವನ್ನು ಮತ್ತು ಕೊನೆಯ ವಾರವನ್ನು ಮಾತ್ರ ಕೈಬಿಡಬೇಡಿ.

ಮೂರನೇ ಹೆಜ್ಜೆ: ಅಳತೆಯ ವಾರ

ಆಟಗಾರ ಒಂದೇ ಬಾರಿ ಎತ್ತಬಲ್ಲ ಗರಿಷ್ಠ ಭಾರವನ್ನು ನೇರವಾಗಿ ಪರೀಕ್ಷಿಸುವ ಅಗತ್ಯ ನಮ್ಮ ಮಟ್ಟದ ತಂಡಗಳಿಗಿಲ್ಲ. ಹೊಸಬರಲ್ಲಿ ಅದು ಅಪಾಯವೂ ಹೌದು. ಬೆನ್ನು ಬಾಗದೆ, ಮಂಡಿ ಒಳಕ್ಕೆ ವಾಲದೆ, ಐದು ಬಾರಿ ಮಾಡಬಲ್ಲ ಸ್ಕ್ವಾಟ್‌ನ, ಅಂದರೆ ಭಾರ ಹೊತ್ತು ಕುಕ್ಕರಿಸಿ ಏಳುವ ವ್ಯಾಯಾಮದ, ಭಾರ ತಿಳಿದರೆ ಸಾಕು. ಎತ್ತಿದ ಸಂಖ್ಯೆಯನ್ನು 30ರಿಂದ ಭಾಗಿಸಿ, ಅದಕ್ಕೆ 1 ಕೂಡಿಸಿ, ಬಂದದ್ದನ್ನು ಭಾರದಿಂದ ಗುಣಿಸಿದರೆ ಗರಿಷ್ಠ ಭಾರದ ಅಂದಾಜು ಸಿಗುತ್ತದೆ. 80 ಕೆ.ಜಿ.ಯನ್ನು ಐದು ಬಾರಿ ಎತ್ತಿದವನ ಅಂದಾಜು ಗರಿಷ್ಠ ಭಾರ ಸುಮಾರು 93 ಕೆ.ಜಿ. ಮುಂದಿನ ಲೆಕ್ಕಗಳಿಗೆ ಇದೇ ಆಧಾರ.

ಇದರ ಜೊತೆಗೆ ನಿಂತಲ್ಲಿಂದ ಮುಂದಕ್ಕೆ ಜಿಗಿಯುವ ದೂರ, ಹತ್ತು ಮೀಟರ್ ಓಟದ ಸಮಯ, ಪೂರ್ತಿ ಕೆಳಗಿಳಿದು ಮೇಲೇರುವ ಪುಲ್‌ಅಪ್‌ಗಳ ಸಂಖ್ಯೆ ಮತ್ತು ಬೆಳಗಿನ ತೂಕವನ್ನು ಬರೆದಿಟ್ಟುಕೊಳ್ಳಿ. ಪಾದದ ಗಿಣ್ಣಿನ ಬಾಗುವಿಕೆಯನ್ನೂ ನೋಡಬೇಕು: ಗೋಡೆಗೆ ಎದುರಾಗಿ ಒಂದು ಪಾದವನ್ನು ಹತ್ತು ಸೆಂಟಿಮೀಟರ್ ದೂರವಿಟ್ಟು, ಹಿಮ್ಮಡಿ ಏಳದಂತೆ ಮಂಡಿಯನ್ನು ಗೋಡೆಗೆ ತಾಗಿಸಲು ಹೇಳಿ. ಒಂದು ಕಾಲಿನಲ್ಲಿ ಸಾಧ್ಯವಾಗಿ ಇನ್ನೊಂದರಲ್ಲಿ ಆಗದಿದ್ದರೆ ಬಹುಮಟ್ಟಿಗೆ ಅದು ಹಿಂದೆ ಉಳುಕಿದ ಗಿಣ್ಣು.

ಕೊನೆಯ ಪರೀಕ್ಷೆ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು. ಒಂದು ಅಡಿ ಎತ್ತರದ ಬೆಂಚಿನಿಂದ ಆಟಗಾರ ಎರಡೂ ಕಾಲಿನ ಮೇಲೆ ನೆಲಕ್ಕಿಳಿಯಲಿ, ಎದುರಿನಿಂದ ಮೊಬೈಲಿನಲ್ಲಿ ವಿಡಿಯೋ ಮಾಡಿ, ನಿಧಾನಗತಿಯಲ್ಲಿ ಅವನಿಗೇ ತೋರಿಸಿ. ನಮ್ಮ ತಂಡದ ಅತ್ಯಂತ ಚುರುಕಿನ ರೈಡರ್ ಒಬ್ಬ ಹೀಗೆ ಇಳಿದಾಗ ಅವನ ಎಡಮಂಡಿ ಹೆಬ್ಬೆರಳನ್ನೂ ದಾಟಿ ಒಳಕ್ಕೆ ವಾಲಿ, ಬಲಮಂಡಿಗೆ ತಾಗುವಷ್ಟು ಹತ್ತಿರ ಬಂದು, ಮತ್ತೆ ನೆಟ್ಟಗಾಯಿತು. ಬರಿಗಣ್ಣಿಗೆ ಅದು ಕಂಡಿರಲಿಲ್ಲ. ಮಂಡಿಯ ಒಳಗಿನ ಅಸ್ಥಿಬಂಧ, ಅಂದರೆ ಎಸಿಎಲ್, ಹರಿಯುವುದು ಬಹುತೇಕ ಇಂಥದೇ ಭಂಗಿಯಲ್ಲಿ. ಆ ಹುಡುಗನಿಗೆ ಆ ವರ್ಷ ಭಾರಕ್ಕಿಂತ ಮೊದಲು ಇಳಿಯುವುದನ್ನು ಕಲಿಸಿದೆವು: ಸದ್ದಿಲ್ಲದೆ ಇಳಿಯಬೇಕು, ಸೊಂಟ ಹಿಂದಕ್ಕೆ ಹೋಗಬೇಕು, ಮಂಡಿ ಪಾದದ ಎರಡನೇ ಬೆರಳಿನ ನೇರಕ್ಕಿರಬೇಕು. ಆರು ವಾರ ಹಿಡಿಯಿತು.

ನಾಲ್ಕನೇ ಹೆಜ್ಜೆ: ವ್ಯಾಯಾಮಗಳ ಆಯ್ಕೆ

ಆಯ್ಕೆ ಕಡಿಮೆಯಿದ್ದಷ್ಟೂ ಒಳ್ಳೆಯದು. ಮೊಬೈಲಿನಲ್ಲಿ ಕಂಡ ಹೊಸ ಕಸರತ್ತನ್ನು ವಾರಕ್ಕೊಂದರಂತೆ ಸೇರಿಸುತ್ತಾ ಹೋದರೆ ಯಾವುದರಲ್ಲೂ ಭಾರ ಏರುವುದಿಲ್ಲ, ಮೈಕೈ ನೋವು ಮಾತ್ರ ನಿಲ್ಲದೆ ಇರುತ್ತದೆ. ಕಾಲಿಗೆ ಸ್ಕ್ವಾಟ್, ತೊಡೆಯ ಹಿಂಭಾಗ ಮತ್ತು ಪೃಷ್ಠಕ್ಕೆ ಮಂಡಿಯನ್ನು ಅಲ್ಪವೇ ಬಾಗಿಸಿ ಸೊಂಟದಿಂದ ಬಗ್ಗಿ ಏಳುವ ರೊಮೇನಿಯನ್ ಡೆಡ್‌ಲಿಫ್ಟ್, ಒಂದೊಂದೇ ಕಾಲಿನ ಬಲಕ್ಕೆ ಒಂದು ಕಾಲು ಮುಂದೆ, ಇನ್ನೊಂದು ಹಿಂದೆ ಇಟ್ಟು ಮಾಡುವ ಸ್ಪ್ಲಿಟ್ ಸ್ಕ್ವಾಟ್. ಎಳೆಯುವ ಬಲಕ್ಕೆ ಪುಲ್‌ಅಪ್ ಮತ್ತು ಭಾರವನ್ನು ಹೊಟ್ಟೆಯತ್ತ ಎಳೆದುಕೊಳ್ಳುವ ರೋ, ತಳ್ಳುವ ಬಲಕ್ಕೆ ಬೆಂಚ್ ಪ್ರೆಸ್ ಅಥವಾ ದಂಡ. ಎಳೆಯುವ ಸೆಟ್‌ಗಳು ತಳ್ಳುವ ಸೆಟ್‌ಗಳಿಗಿಂತ ಹೆಚ್ಚಿರಲಿ. ಕಬಡ್ಡಿಯ ಹಿಡಿತವೆಲ್ಲ ಎಳೆತವೇ ಆಗಿದೆ.

ಇವುಗಳ ಜೊತೆಗೆ ಕಬಡ್ಡಿಗೆಂದೇ ಬಿಡದೆ ಮಾಡಬೇಕಾದ ಎರಡು ವ್ಯಾಯಾಮಗಳಿವೆ. ಮೊದಲನೆಯದು ನಾರ್ಡಿಕ್. ಆಟಗಾರ ಮಂಡಿಯೂರಿ ನಿಲ್ಲುತ್ತಾನೆ, ಜೊತೆಗಾರ ಅವನ ಪಾದದ ಗಿಣ್ಣುಗಳನ್ನು ಒತ್ತಿ ಹಿಡಿಯುತ್ತಾನೆ, ಮಂಡಿಯಿಂದ ತಲೆಯವರೆಗೆ ಒಂದೇ ಗೆರೆಯಲ್ಲಿ ಎಷ್ಟು ನಿಧಾನವಾಗಿ ಸಾಧ್ಯವೋ ಅಷ್ಟು ನಿಧಾನವಾಗಿ ಮುಂದಕ್ಕೆ ಬಾಗುತ್ತಾ ಹೋಗಿ ಕೊನೆಗೆ ಕೈಯೂರುತ್ತಾನೆ. ಇದನ್ನು ನಿಯಮಿತವಾಗಿ ಮಾಡುವ ಫುಟ್‌ಬಾಲ್ ತಂಡಗಳಲ್ಲಿ ತೊಡೆಯ ಹಿಂಭಾಗದ ಸ್ನಾಯುವಿನ ಗಾಯಗಳು ಸುಮಾರು ಅರ್ಧಕ್ಕೆ ಇಳಿದದ್ದನ್ನು ಅಧ್ಯಯನಗಳು ತೋರಿಸಿವೆ. ಎರಡನೆಯದು ಕೋಪನ್‌ಹೇಗನ್: ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ಬೆಂಚಿನ ಮೇಲಿಟ್ಟು, ಆ ಕಾಲಿನ ಒಳತೊಡೆಯ ಬಲದಿಂದಲೇ ಸೊಂಟವನ್ನು ಎತ್ತಿ ಹಿಡಿಯುವುದು. ಬೋನಸ್‌ಗಾಗಿ ಕಾಲು ಚಾಚುವ ರೈಡರ್‌ಗೂ ತಗ್ಗಿ ನಿಲ್ಲುವ ಕಾರ್ನರ್‌ಗೂ ತೊಡೆಸಂದಿನ ರಕ್ಷಣೆಗೆ ಇದರಷ್ಟು ಸರಳವಾದ ಉಪಾಯ ಬೇರೊಂದಿಲ್ಲ. ಎರಡನ್ನೂ ವಾರಕ್ಕೆ ಎರಡು ದಿನ, ಮೊದಲಿಗೆ ಎರಡು ಸೆಟ್‌ನಲ್ಲಿ ನಾಲ್ಕೈದು ಬಾರಿಯಷ್ಟೇ ಮಾಡಿಸಿ. ಮೊದಲ ವಾರದಲ್ಲಿ ಮೈನೋವು ತೀವ್ರವಾಗಿರುತ್ತದೆ ಎಂದು ಮೊದಲೇ ತಿಳಿಸಿಬಿಡಿ.

ಹಿಡಿತಕ್ಕಾಗಿ ಪುಲ್‌ಅಪ್ ಕಂಬಿಗೆ ದಪ್ಪ ಟವೆಲ್ ಹಾಕಿ ನೇತಾಡುವುದು, ಎರಡೂ ಕೈಯಲ್ಲಿ ಭಾರ ಹಿಡಿದು ಇಪ್ಪತ್ತು ಮೀಟರ್ ನಡೆಯುವುದು ಸಾಕು. ಕುತ್ತಿಗೆಗೆ ಜೊತೆಗಾರನ ಅಂಗೈಯನ್ನು ಹಣೆ, ಹಿಂದಲೆ ಮತ್ತು ಎರಡು ಪಕ್ಕಗಳಿಗೆ ಒತ್ತಿಸಿ ಹತ್ತು ಹತ್ತು ಸೆಕೆಂಡು ತಡೆದು ನಿಲ್ಲುವುದನ್ನು ಬಿಡಬೇಡಿ.

ಇಲ್ಲಿ ಗರಡಿಮನೆಯ ವಿಷಯವನ್ನೂ ಹೇಳಬೇಕು. ದಂಡ, ಬಸ್ಕಿ, ಗದೆ ತಿರುಗಿಸುವುದು, ಸಂಗ್ರಾಣಿ ಕಲ್ಲು ಎತ್ತುವುದು ಇವೆಲ್ಲ ನಮ್ಮ ಪೈಲ್ವಾನರನ್ನು ತಲೆಮಾರುಗಳಿಂದ ಬೆಳೆಸಿದ ಸಾಮು. ಗದೆಯ ಸಾಮಿನಿಂದ ಭುಜಕ್ಕೂ ಮುಂಗೈಗೂ ಸಿಗುವ ಲಾಭವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ದಿನಕ್ಕೆ ಐನೂರು ಬಸ್ಕಿ ಹೊಡೆದರೆ ಬೆಳೆಯುವುದು ತಾಳಿಕೆಯೇ ಹೊರತು ಗರಿಷ್ಠ ಬಲವಲ್ಲ. ಬಲ ಬೇಕೆಂದರೆ ಸಂಖ್ಯೆಯನ್ನು ಇಳಿಸಿ ಭಾರವನ್ನು ಏರಿಸಬೇಕು. ಕಲ್ಲು ಎತ್ತುವವರಿಗೆ ಇದು ಚೆನ್ನಾಗಿ ಗೊತ್ತು. ಅವರು ಸಣ್ಣ ಗುಂಡಿನಿಂದ ದೊಡ್ಡ ಗುಂಡಿಗೆ ಹೋಗುವುದೇ ಹಾಗೆ.

ಜಿಮ್ ಇಲ್ಲದ ಊರಿನಲ್ಲಿ ಗೋಣಿಚೀಲಕ್ಕೆ ಮರಳು ತುಂಬಿ, ಬಾಯಿ ಹೊಲಿದು, ಅಡಿಕೆ ಮಂಡಿಯ ತೂಕದ ಯಂತ್ರದಲ್ಲಿ ತೂಗಿ, ಚೀಲದ ಮೇಲೆ ಬಣ್ಣದಲ್ಲಿ ತೂಕ ಬರೆಯಿರಿ. 20, 30, 40 ಮತ್ತು 50 ಕೆ.ಜಿ.ಯ ನಾಲ್ಕು ಚೀಲಗಳಿದ್ದರೆ ಎದೆಗಪ್ಪಿ ಸ್ಕ್ವಾಟ್ ಮಾಡುವುದು, ನೆಲದಿಂದ ಹೆಗಲಿಗೆ ಎತ್ತುವುದು, ಹೊತ್ತು ನಡೆಯುವುದು ಎಲ್ಲವೂ ಸಾಧ್ಯ. ಅತಿ ಭಾರದ ಚೀಲವೂ ಹಗುರವೆನಿಸಿದ ಮೇಲೆ ಒಂಟಿಕಾಲಿನ ವ್ಯಾಯಾಮಕ್ಕೆ ಹೋಗಬಹುದು.

ಅಡಿಪಾಯದ ನಾಲ್ಕು ವಾರ

ವಾರಕ್ಕೆ ಮೂರು ದಿನ, ಪ್ರತಿ ವ್ಯಾಯಾಮಕ್ಕೆ ಮೂರು ಸೆಟ್, ಪ್ರತಿ ಸೆಟ್‌ಗೆ ಎಂಟರಿಂದ ಹತ್ತು ಬಾರಿ. ಭಾರ ಅಂದಾಜು ಗರಿಷ್ಠದ ಶೇ 60ರಿಂದ 65. ಸೆಟ್ ಮುಗಿದಾಗ ಇನ್ನೂ ಮೂರು ಬಾರಿ ಎತ್ತಬಲ್ಲೆ ಎಂಬಂತಿರಬೇಕು. ಈ ಹಂತದಲ್ಲಿ ಭಾರಕ್ಕಿಂತ ಸ್ನಾಯುರಜ್ಜುಗಳು ಹದಗೊಳ್ಳುವುದು ಮುಖ್ಯ. ಸ್ನಾಯು ಬೇಗ ಬಲಗೊಳ್ಳುತ್ತದೆ, ಅದನ್ನು ಮೂಳೆಗೆ ಬಿಗಿದಿರುವ ರಜ್ಜು ನಿಧಾನವಾಗಿ ಬಲಗೊಳ್ಳುತ್ತದೆ. ಎರಡನೇ ವಾರದಲ್ಲೇ ಹುಡುಗರು ಹಗುರವೆನಿಸುತ್ತಿದೆ ಎಂದು ಹೇಳತೊಡಗುತ್ತಾರೆ. ಅವರ ಮಾತಿಗೆ ಮಣಿಯಬೇಡಿ.

ಬಲದ ಆರು ವಾರ

ಯೋಜನೆಯ ನಡುಗಂಬವೇ ಈ ಹಂತ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಚಿಕಿತ್ಸೆ ನೀಡುತ್ತಿದ್ದ ಅಮೆರಿಕದ ವೈದ್ಯ ಥಾಮಸ್ ಡಿಲಾರ್ಮ್ ಅವರು 1940ರ ದಶಕದಲ್ಲಿ, ಹಗುರ ಭಾರವನ್ನು ಹಲವು ಬಾರಿ ಎತ್ತಿಸುವ ಬದಲು ಭಾರವನ್ನೇ ಹಂತ ಹಂತವಾಗಿ ಏರಿಸಿದರೆ ಕುಗ್ಗಿದ ಸ್ನಾಯು ಬೇಗ ಬಲಗೊಳ್ಳುತ್ತದೆ ಎಂಬುದನ್ನು ತೋರಿಸಿದರು. ಇಂದಿನ ಬಲವರ್ಧನೆಯ ಎಲ್ಲ ಯೋಜನೆಗಳ ತಳದಲ್ಲಿ ಇರುವುದು ಆ ತಿಳಿವಳಿಕೆಯೇ. ದೇಹ ಒಂದು ಭಾರಕ್ಕೆ ಒಗ್ಗಿಕೊಂಡ ಮೇಲೆ ಅದೇ ಭಾರ ಅದನ್ನು ಬೆಳೆಸುವುದಿಲ್ಲ.

ಮೇಲೆ ಹೇಳಿದ, 93 ಕೆ.ಜಿ. ಅಂದಾಜಿನ ಆಟಗಾರನ ಸ್ಕ್ವಾಟ್ ಅನ್ನೇ ತೆಗೆದುಕೊಂಡರೆ ಆರು ವಾರಗಳು ಹೀಗೆ ಸಾಗಬಹುದು. ಮೊದಲ ವಾರ 70 ಕೆ.ಜಿ.ಯಲ್ಲಿ ಆರು ಬಾರಿಯಂತೆ ನಾಲ್ಕು ಸೆಟ್. ಎರಡನೇ ವಾರ 72.5 ಕೆ.ಜಿ.ಯಲ್ಲಿ ಐದು ಬಾರಿಯಂತೆ ನಾಲ್ಕು ಸೆಟ್. ಮೂರನೇ ವಾರ 77.5 ಕೆ.ಜಿ.ಯಲ್ಲಿ ನಾಲ್ಕು ಬಾರಿಯಂತೆ ನಾಲ್ಕು ಸೆಟ್. ನಾಲ್ಕನೇ ವಾರ ವಿಶ್ರಾಂತಿಯ ವಾರ: 65 ಕೆ.ಜಿ.ಯಲ್ಲಿ ಐದು ಬಾರಿಯಂತೆ ಎರಡೇ ಸೆಟ್. ಐದನೇ ವಾರ 80 ಕೆ.ಜಿ.ಯಲ್ಲಿ ನಾಲ್ಕು ಬಾರಿಯಂತೆ ನಾಲ್ಕು ಸೆಟ್, ಆರನೇ ವಾರ 82.5 ಕೆ.ಜಿ.ಯಲ್ಲಿ ಮೂರು ಬಾರಿಯಂತೆ ನಾಲ್ಕು ಸೆಟ್. ಭಾರವನ್ನು ಇಳಿಸುವಾಗ ನಿಧಾನ, ಎತ್ತುವಾಗ ಸಾಧ್ಯವಾದಷ್ಟು ವೇಗ. ಕೊನೆಯ ಎತ್ತುವಿಕೆಯ ನಂತರವೂ ಒಂದೆರಡು ಬಾರಿ ಎತ್ತುವ ಶಕ್ತಿ ಉಳಿದಿರಬೇಕು. ಕೈಕಾಲು ನಡುಗಿ ಭಾರದ ಕಂಬಿ (ಬಾರ್) ಸಿಕ್ಕಿಕೊಳ್ಳುವವರೆಗೆ ಮಾಡಿಸುವುದರಿಂದ ಆಟಗಾರನಿಗೆ ಹೆಚ್ಚಿನ ಲಾಭವಿಲ್ಲ, ಮರುದಿನದ ಮ್ಯಾಟ್ ಅಭ್ಯಾಸ ಹಾಳಾಗುತ್ತದೆ.

ಸೆಟ್‌ಗಳ ನಡುವೆ ಮೂರು ನಿಮಿಷ ವಿರಾಮ ಕೊಡಿ. ಹುಡುಗರಿಗೆ ಮೂರು ನಿಮಿಷ ಸುಮ್ಮನೆ ಕೂರುವುದು ಸೋಮಾರಿತನವೆನಿಸುತ್ತದೆ, ನೋಡುವ ಹಿರಿಯರಿಗೂ ಹಾಗೆಯೇ ಅನಿಸುತ್ತದೆ. ಆದರೆ ಭಾರೀ ಎತ್ತುವಿಕೆಗೆ ಸ್ನಾಯು ಬಳಸುವ ಶಕ್ತಿ ಮತ್ತೆ ತುಂಬಿಕೊಳ್ಳಲು ಅಷ್ಟು ಸಮಯ ಬೇಕೇ ಬೇಕು. ಆ ವಿರಾಮದಲ್ಲಿ ಗಿಣ್ಣಿನ ಚಲನೆ ಅಥವಾ ಕುತ್ತಿಗೆಯ ವ್ಯಾಯಾಮ ಮಾಡಿಸಿದರೆ ಸಮಯವೂ ಉಳಿಯುತ್ತದೆ.

ಸೋಮವಾರ ಮತ್ತು ಗುರುವಾರ ಕಾಲಿನ ಭಾರೀ ವ್ಯಾಯಾಮ ಇದ್ದರೆ ಮಂಗಳವಾರ ಮತ್ತು ಶುಕ್ರವಾರದ ಮ್ಯಾಟ್ ಅಭ್ಯಾಸದಲ್ಲಿ ತಂತ್ರ, ಸರಪಳಿಯ ಹೊಂದಾಣಿಕೆ ಇತ್ಯಾದಿಗಳಿಗೆ ಒತ್ತು ಕೊಡಿ. ಭಾರ ಎತ್ತುವುದೂ ಮ್ಯಾಟ್ ಅಭ್ಯಾಸವೂ ಒಂದೇ ದಿನ ಬಂದರೆ ಮ್ಯಾಟ್ ಮೊದಲು, ಭಾರ ನಂತರ, ನಡುವೆ ಕೆಲವು ತಾಸು ಅಂತರ.

ಬಲವನ್ನು ವೇಗಕ್ಕೆ ತಿರುಗಿಸುವ ನಾಲ್ಕು ವಾರ

ಸ್ಕ್ವಾಟ್‌ನಲ್ಲಿ ಹತ್ತು ಕೆ.ಜಿ. ಹೆಚ್ಚಾದ ಆಟಗಾರ ಮ್ಯಾಟ್‌ನಲ್ಲಿ ಮೊದಲಿಗಿಂತ ನಿಧಾನವಾಗಿ ಕಾಣುವುದುಂಟು. ಅದಕ್ಕೆ ಗಾಬರಿಯಾಗಬೇಕಿಲ್ಲ. ಭಾರೀ ಎತ್ತುವಿಕೆಗೆ ಒಂದು ಸೆಕೆಂಡಿಗೂ ಹೆಚ್ಚು ಸಮಯ ಸಿಗುತ್ತದೆ. ಕೈ ತಪ್ಪಿಸಿಕೊಂಡು ಚಿಮ್ಮುವಾಗ ಪಾದ ನೆಲಕ್ಕೆ ತಾಗಿರುವ ಅವಧಿ ಅದರ ಒಂದು ಸಣ್ಣ ಪಾಲು ಮಾತ್ರ. ಗಳಿಸಿದ ಬಲವನ್ನು ಆ ಚಿಕ್ಕ ಅವಧಿಯಲ್ಲಿ ಹೊರಹಾಕುವುದನ್ನು ದೇಹಕ್ಕೆ ಬೇರೆಯಾಗಿ ಕಲಿಸಬೇಕು.

ಈ ಹಂತದಲ್ಲಿ ಭಾರೀ ಸ್ಕ್ವಾಟ್ ಎರಡು ಮೂರು ಸೆಟ್‌ಗೆ ಇಳಿಯುತ್ತದೆ, ಸೆಟ್‌ಗೆ ಮೂರೇ ಬಾರಿ, ಭಾರ ಶೇ 80ರಿಂದ 85. ಉಳಿದ ಸಮಯವನ್ನು ಜಿಗಿತಗಳಿಗೆ ಕೊಡಬೇಕು: ಮುಂದಕ್ಕೆ ಜಿಗಿದು ಅಲ್ಲಾಡದೆ ನಿಲ್ಲುವುದು, ಒಂಟಿಕಾಲಿನಿಂದ ಪಕ್ಕಕ್ಕೆ ಚಿಮ್ಮಿ ಇನ್ನೊಂದು ಕಾಲಿನ ಮೇಲೆ ಇಳಿಯುವುದು, ಹಗುರ ಭಾರದೊಂದಿಗೆ ಸ್ಕ್ವಾಟ್ ಜಿಗಿತ, ಮೂರು ಕೆ.ಜಿ.ಯ ಚೆಂಡನ್ನು ಪಕ್ಕದಿಂದ ಗೋಡೆಗೆ ಎಸೆಯುವುದು. ಒಂದು ದಿನದ ಜಿಗಿತಗಳು ಒಟ್ಟು ನಲವತ್ತರಿಂದ ಅರವತ್ತನ್ನು ಮೀರದಿರಲಿ. ಪ್ರತಿಯೊಂದನ್ನೂ ಪೂರ್ಣ ವೇಗದಲ್ಲಿ ಮಾಡಬೇಕು; ವೇಗ ಕುಂದಿತೆಂದು ಕಂಡ ಕೂಡಲೇ ಆ ದಿನದ ಜಿಗಿತ ಮುಗಿಸಿಬಿಡಿ.

ಕಬಡ್ಡಿಗೆ ಮಾತ್ರ ಸಂಬಂಧಿಸಿದ ಒಂದು ವಿಷಯವನ್ನು ಈ ಹಂತದಲ್ಲಿ ಸೇರಿಸುತ್ತೇನೆ. ಭಾರ ಎತ್ತುವಾಗ ನಾವು ಉಸಿರು ತುಂಬಿ ಹೊಟ್ಟೆಯನ್ನು ಬಿಗಿಹಿಡಿಯುತ್ತೇವೆ. ರೈಡರ್‌ಗೆ ಆ ಸೌಲಭ್ಯವಿಲ್ಲ. ಅವನು ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತಾ, ಅಂದರೆ ಉಸಿರನ್ನು ಹೊರಬಿಡುತ್ತಲೇ, ಮೂವರನ್ನು ಎಳೆದುಕೊಂಡು ಬರಬೇಕು. ಆದ್ದರಿಂದ ವಾರಕ್ಕೆ ಒಂದು ದಿನ ರೈಡರ್‌ನ ಸೊಂಟಕ್ಕೆ ಅಗಲವಾದ ಬಟ್ಟೆ ಕಟ್ಟಿ, ಜೊತೆಗಾರ ಹಿಂದಿನಿಂದ ಜಗ್ಗುತ್ತಿರಲು, ಅವನು ದಮ್ಮು ಕಟ್ಟದೆ ಕಬಡ್ಡಿ ಎನ್ನುತ್ತಾ ನಾಲ್ಕು ಮೀಟರ್ ಎಳೆದುಕೊಂಡು ಹೋಗಲಿ. ಐದಾರು ಬಾರಿ ಸಾಕು, ನಡುವೆ ಎರಡು ನಿಮಿಷ ವಿರಾಮ. ಮೊದಲ ದಿನ ಬಹುತೇಕರ ದನಿ ಎರಡನೇ ಮೀಟರ್‌ಗೇ ನಿಂತುಹೋಗುತ್ತದೆ. ಎರಡು ಮೂರು ವಾರಗಳಲ್ಲಿ ಗೆರೆ ಮುಟ್ಟುವವರೆಗೂ ಸ್ಪಷ್ಟವಾಗಿ ಕೇಳಿಸುತ್ತದೆ.

ಕೊನೆಯ ವಾರ ಮತ್ತು ಪಂದ್ಯಾವಳಿಯ ತಿಂಗಳುಗಳು

ಪಂದ್ಯಾವಳಿಯ ಹಿಂದಿನ ವಾರ ಸೆಟ್‌ಗಳನ್ನು ಅರ್ಧಕ್ಕೆ ಇಳಿಸಿ, ಭಾರವನ್ನು ಹಾಗೆಯೇ ಉಳಿಸಿಕೊಳ್ಳಿ. ಪಂದ್ಯಕ್ಕೆ ಮೂರು ದಿನ ಇರುವಾಗ ಕಾಲಿನ ಭಾರೀ ವ್ಯಾಯಾಮವನ್ನು ಪೂರ್ತಿ ನಿಲ್ಲಿಸಿ. ಹೊಸ ವ್ಯಾಯಾಮವನ್ನಂತೂ ಆ ವಾರ ಮುಟ್ಟಲೇಬಾರದು. ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದ. ತರಬೇತಿ ಕೊಡಲು ಆರಂಭಿಸಿದ ಮೊದಲ ವರ್ಷ, ಶನಿವಾರದ ಪಂದ್ಯಾವಳಿಗೆ ತಂಡ ಚುರುಕಾಗಲೆಂದು ಗುರುವಾರ ಎಲ್ಲರಿಂದಲೂ ಅದುವರೆಗೆ ಮಾಡಿರದ ನಡಿಗೆಯ ಲಂಜ್ (ದೊಡ್ಡ ಹೆಜ್ಜೆಯಿಟ್ಟು ಮಂಡಿ ಬಾಗಿಸಿ ತಗ್ಗುತ್ತಾ ನಡೆಯುವುದು) ಮಾಡಿಸಿದೆ. ಒಗ್ಗದ ವ್ಯಾಯಾಮದ ನೋವು ಒಂದರಿಂದ ಮೂರು ದಿನಗಳ ಒಳಗೆ ತುತ್ತತುದಿಗೇರುತ್ತದೆ. ಶನಿವಾರ ರಾತ್ರಿ ಸೆಮಿಫೈನಲ್‌ನಲ್ಲಿ ನಮ್ಮ ಎಡ ಕಾರ್ನರ್ ತಗ್ಗಿ ನಿಲ್ಲಲಾರದೆ ನೆಟ್ಟಗೆ ನಿಂತಿದ್ದ. ಎದುರಾಳಿ ರೈಡರ್ ಅದನ್ನು ಗಮನಿಸಿ ಮತ್ತೆ ಮತ್ತೆ ಅದೇ ಮೂಲೆಗೆ ಬಂದು ಬೋನಸ್ ತೆಗೆದುಕೊಂಡ. ಆ ಹುಡುಗ ಸೋಲಿನ ಹೊಣೆಯನ್ನು ತನ್ನ ಮೇಲೆಯೇ ಹೊತ್ತುಕೊಂಡು ಅತ್ತಿದ್ದನ್ನು ನಾನು ಮರೆತಿಲ್ಲ. ಹೊಣೆ ನನ್ನದಾಗಿತ್ತು.

ಪಂದ್ಯಾವಳಿಗಳು ಆರಂಭವಾದ ಮೇಲೆ ಭಾರ ಎತ್ತುವುದನ್ನು ಪೂರ್ತಿ ಬಿಡುವುದು ಎರಡನೇ ದೊಡ್ಡ ತಪ್ಪು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬಾರ್ ಮುಟ್ಟದಿದ್ದರೆ ಮಳೆಗಾಲದಲ್ಲಿ ಗಳಿಸಿದ ಬಲದ ಬಹುಪಾಲು ಫೆಬ್ರುವರಿಯ ಹೊತ್ತಿಗೆ ಕರಗಿರುತ್ತದೆ. ಗಳಿಸುವುದಕ್ಕಿಂತ ಉಳಿಸಿಕೊಳ್ಳುವುದು ಬಹಳ ಸುಲಭ: ವಾರಕ್ಕೆ ಒಂದು, ಹೆಚ್ಚೆಂದರೆ ಎರಡು ದಿನ, ಪ್ರತಿ ಬಾರಿ ನಲವತ್ತು ನಿಮಿಷ, ಎರಡೇ ಸೆಟ್, ಆದರೆ ಭಾರ ಶೇ 80ಕ್ಕಿಂತ ಕೆಳಗಿಳಿಯಬಾರದು. ಶನಿವಾರ ರಾತ್ರಿ ಆಡಿದ ತಂಡಕ್ಕೆ ಭಾನುವಾರ ವಿಶ್ರಾಂತಿ, ಸೋಮವಾರ ಹಗುರ ಓಡಾಟ, ಮಂಗಳವಾರ ಭಾರ. ನಾರ್ಡಿಕ್ ಮತ್ತು ಕೋಪನ್‌ಹೇಗನ್‌ಗಳನ್ನು ಆ ಮಂಗಳವಾರವೇ ಮುಗಿಸಿಬಿಡಬೇಕು.

ಮೈಮೇಲಿನ ಒಟ್ಟು ಹೊರೆ

ಪ್ರತಿ ಅಭ್ಯಾಸದ ಅರ್ಧ ಗಂಟೆಯ ನಂತರ ಆಟಗಾರನನ್ನು ಕೇಳಿ: ಹತ್ತರಲ್ಲಿ ಎಷ್ಟು ಕಷ್ಟವಾಯಿತು? ಅವನು ಕೊಟ್ಟ ಅಂಕವನ್ನು ಅಭ್ಯಾಸದ ನಿಮಿಷಗಳಿಂದ ಗುಣಿಸಿ ಬರೆಯಿರಿ. 90 ನಿಮಿಷದ ಮ್ಯಾಟ್ ಅಭ್ಯಾಸಕ್ಕೆ ಏಳು ಎಂದರೆ 630. 50 ನಿಮಿಷದ ಭಾರಕ್ಕೆ ಆರು ಎಂದರೆ 300. ವಾರದ ಮೊತ್ತ ಹಿಂದಿನ ವಾರಗಳಿಗಿಂತ ಒಮ್ಮೆಲೇ ಬಹಳ ಮೇಲೇರಿದರೆ ಮುಂದಿನ ವಾರ ಇಳಿಸಬೇಕು.

ಈ ಲೆಕ್ಕದಲ್ಲಿ ನಾವು ಮರೆಯುವುದು ಆಟಗಾರನ ದುಡಿಮೆಯನ್ನು. ನಮ್ಮ ಊರುಗಳ ಆಟಗಾರರಲ್ಲಿ ಅನೇಕರು ಹಗಲು ಲೋಡಿಂಗ್ ಕೆಲಸ ಮಾಡುತ್ತಾರೆ, ಗಾರೆ ಕೆಲಸಕ್ಕೆ ಹೋಗುತ್ತಾರೆ, ಅಡಿಕೆ ಕೊಯ್ಲಿನ ದಿನಗಳಲ್ಲಿ ದಿನವಿಡೀ ಗೊನೆ ಹೊತ್ತು ರಾತ್ರಿ ಸುಲಿಯಲು ಕೂರುತ್ತಾರೆ. ಅವರಿಗೂ ಹಾಸ್ಟೆಲಿನ ವಿದ್ಯಾರ್ಥಿಗೂ ಒಂದೇ ಯೋಜನೆ ಕೊಡುವುದು ನ್ಯಾಯವಲ್ಲ. ದುಡಿಯುವ ಆಟಗಾರನಿಗೆ ಸೆಟ್‌ಗಳನ್ನು ಮೂರನೇ ಒಂದು ಭಾಗದಷ್ಟು ಇಳಿಸಿ, ಭಾರವನ್ನು ಇಳಿಸಬೇಡಿ. ಅವನು ಹಿಂದುಳಿಯುವುದಿಲ್ಲ.

ಊಟದ ವಿಷಯದಲ್ಲಿ ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಎಂದಿಟ್ಟುಕೊಳ್ಳಿ, 65 ಕೆ.ಜಿ. ತೂಕದವನಿಗೆ ಇದು ನೂರು ಗ್ರಾಂಗಿಂತ ತುಸು ಹೆಚ್ಚು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ನೂರು ಗ್ರಾಂ ಹುರುಳಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು, ನೂರು ಗ್ರಾಂ ಕಡಲೆಕಾಯಿಯಲ್ಲಿ ಸುಮಾರು ಇಪ್ಪತ್ತೈದು ಗ್ರಾಂ ಇರುತ್ತದೆ. ಮೀನು, ಹಾಲು, ಬೇಳೆ ಸೇರಿದರೆ ಡಬ್ಬಿಯ ಪುಡಿಯಿಲ್ಲದೆಯೇ ಲೆಕ್ಕ ತುಂಬುತ್ತದೆ. ಪರಿಚಯದವರು ಕೊಟ್ಟ, ಲೇಬಲ್ ಸ್ಪಷ್ಟವಿಲ್ಲದ ಪುಡಿಯನ್ನು ಆಟಗಾರ ಸೇವಿಸದಂತೆ ನೋಡಿಕೊಳ್ಳಿ. ಅದರಲ್ಲಿ ನಿಷೇಧಿತ ವಸ್ತು ಸಿಕ್ಕರೆ ಶಿಕ್ಷೆಯಾಗುವುದು ಸೇವಿಸಿದವನಿಗೇ.

ತೂಕದ ವಿಭಾಗಗಳಿರುವಲ್ಲಿ ಬಲವರ್ಧನೆಯಿಂದ ತೂಕ ಏರಿ ತಂಡದಿಂದ ಹೊರಬೀಳುತ್ತೇವೆ ಎಂಬ ಭಯ ಆಟಗಾರರಿಗಿರುತ್ತದೆ. ರಾಷ್ಟ್ರೀಯ ಮಟ್ಟದ ಹಿರಿಯ ಪುರುಷರಿಗೆ ಮಿತಿ 85 ಕೆ.ಜಿ.; ಊರಿನ ಪಂದ್ಯಾವಳಿಗಳು 60 ಕೆ.ಜಿ. ವಿಭಾಗವೆಂದೂ ನಡೆಯುತ್ತವೆ. ಮಿತಿಯ ಹತ್ತಿರ ಇರುವವನಿಗೆ ಅಡಿಪಾಯದ ಹಂತವನ್ನು ಮೊಟಕುಗೊಳಿಸಿ, ಕಡಿಮೆ ಸಂಖ್ಯೆಯ ಭಾರೀ ಸೆಟ್‌ಗಳಿಗೆ ಒತ್ತು ಕೊಟ್ಟರೆ ಸ್ನಾಯುವಿನ ಗಾತ್ರ ಹೆಚ್ಚು ಬೆಳೆಯದೆಯೇ, ನರಗಳು ಸ್ನಾಯುವನ್ನು ಬಳಸಿಕೊಳ್ಳುವ ಬಗೆ ಸುಧಾರಿಸಿ ಬಲ ಏರುತ್ತದೆ. ತೂಕ ಇಳಿಸಲು ಹಿಂದಿನ ದಿನ ನೀರು ಬಿಟ್ಟು, ಜಾಕೆಟ್ ಹಾಕಿಕೊಂಡು ಓಡುವ ಪದ್ಧತಿಯನ್ನು ಮಾತ್ರ ದಯವಿಟ್ಟು ನಿಲ್ಲಿಸಿ. ಬೆವರಿನಲ್ಲಿ ಎರಡು ಮೂರು ಕೆ.ಜಿ. ಕಳೆದುಕೊಂಡ ದೇಹ ಮಧ್ಯರಾತ್ರಿಯ ಪಂದ್ಯದಲ್ಲಿ ಸೆಳೆತ ಬಂದು ಬೀಳುತ್ತದೆ, ಪ್ರಾಣಕ್ಕೇ ಅಪಾಯವಾಗಬಹುದು.

ಹುಡುಗಿಯರು ಮತ್ತು ಹದಿಹರೆಯದವರು

ಹುಡುಗಿಯರ ತಂಡಕ್ಕೆ ಭಾರ ಬೇಡ, ಓಟವೇ ಸಾಕು ಎನ್ನುವವರು ಇನ್ನೂ ಇದ್ದಾರೆ. ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿ ಅವರು 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ಭಾರತ ತಂಡಗಳಲ್ಲಿದ್ದವರು. ಆ ಎತ್ತರವನ್ನು ಕಂಡ ಜಿಲ್ಲೆಗಳಲ್ಲೇ ಇಂಥ ಮಾತು ಕೇಳಿದಾಗ ಬೇಸರವಾಗುತ್ತದೆ. ಮೇಲೆ ಹೇಳಿದ ಯೋಜನೆ ಹುಡುಗಿಯರಿಗೂ ಹಾಗೆಯೇ ಅನ್ವಯಿಸುತ್ತದೆ. ವ್ಯತ್ಯಾಸವೆಂದರೆ, ಎಸಿಎಲ್ ಗಾಯದ ಸಂಭವ ಅವರಲ್ಲಿ ಹೆಚ್ಚಾಗಿರುವುದರಿಂದ ನೆಲಕ್ಕಿಳಿಯುವ ಅಭ್ಯಾಸವನ್ನು ಯಾವ ಹಂತದಲ್ಲೂ ನಿಲ್ಲಿಸಬಾರದು. ಕಾರಣವಿಲ್ಲದೆ ಸುಸ್ತು ಎನ್ನುವ ಹುಡುಗಿಯನ್ನು ಗದರಿಸುವ ಮೊದಲು ರಕ್ತದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ತಿಂಗಳುಗಟ್ಟಲೆ ಮುಟ್ಟು ನಿಂತಿದ್ದರೆ ಊಟ ಸಾಲುತ್ತಿಲ್ಲವೆಂದು ಅನುಮಾನಿಸಿ ವೈದ್ಯರ ಬಳಿ ಕಳುಹಿಸಿ. ಈ ವಿಷಯವನ್ನು ಮಾತನಾಡಲು ತಂಡದ ಜೊತೆ ಒಬ್ಬ ಮಹಿಳೆ ಇರುವುದು ಅಗತ್ಯ.

ಹದಿನಾಲ್ಕು ಹದಿನೈದರ ಮಕ್ಕಳು ಭಾರ ಎತ್ತಿದರೆ ಎತ್ತರ ಬೆಳೆಯುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ. ಬಲ್ಲವರು ಪಕ್ಕದಲ್ಲಿದ್ದು, ಭಂಗಿ ಸರಿಯಾದ ಮೇಲಷ್ಟೇ ಭಾರ ಏರಿಸಿದರೆ ಅದು ಸುರಕ್ಷಿತ. ಅವರಿಗೆ ವಾರಕ್ಕೆ ಎರಡು ದಿನ, ಎಂಟಕ್ಕಿಂತ ಕಡಿಮೆಯಾಗದ ಸಂಖ್ಯೆ, ಯಾರು ಹೆಚ್ಚು ಎತ್ತುತ್ತಾರೆಂಬ ಪೈಪೋಟಿಗೆ ಅವಕಾಶವಿಲ್ಲ.

ಮಾರ್ಚ್ ಕೊನೆಯಲ್ಲಿ ಪಂದ್ಯಗಳು ಮುಗಿದ ಮೇಲೆ ಎರಡು ವಾರ ಪೂರ್ಣ ಬಿಡುವು ಕೊಟ್ಟು, ನಂತರ ಅಳತೆಯ ವಾರದ ಅದೇ ಪರೀಕ್ಷೆಗಳನ್ನು ಅದೇ ಬೆಂಚು, ಅದೇ ಗೋಡೆ, ಅದೇ ಗಡಿಯಾರದಲ್ಲಿ ಮತ್ತೊಮ್ಮೆ ಮಾಡಿಸಿ. ಎರಡೂ ಬಾರಿಯ ಅಂಕಿಗಳನ್ನು ಅಕ್ಕಪಕ್ಕ ಬರೆದು, ಋತುವಿನಲ್ಲಿ ಆದ ಗಾಯಗಳನ್ನು ಮತ್ತು ತಪ್ಪಿಸಿಕೊಂಡ ಪಂದ್ಯಗಳನ್ನು ಕೆಳಗೆ ನಮೂದಿಸಿ, ಆಗಸ್ಟ್‌ನಲ್ಲಿ ಮುಂದಿನ ಯೋಜನೆ ಬರೆಯಲು ಕೂತಾಗ ಆ ಪುಟವನ್ನು ಎದುರಿಗೆ ತೆರೆದಿಟ್ಟುಕೊಳ್ಳಿ.